ಗಾಲ್ಫಲ್ಲಿ ಡ್ರೈವರ್ ಹೊಡೆದ್ರೆ ಬಾಲ್ ಎಡಕ್ಕೆ ಕೊಕ್ಕೆ, ಬಲಕ್ಕೆ ಗುರಿ ಇಟ್ರೆ ಇನ್ನೂ ದೊಡ್ಡ ಕೊಕ್ಕೆ. ಏನ್ ಮಾಡ್ಲಿ?

ಕುವೆಂಪುನಗರದವ (ಭಾನುವಾರ ರಾತ್ರಿ)

ಎಲ್ರಿಗೂ ನಮಸ್ಕಾರ. ಮೊದ್ಲೇ ಹೇಳ್ಬಿಡ್ತೀನಿ, ನಾನು ಬಲಗೈ ಆಟಗಾರ, ವಯಸ್ಸು 43, ಗಾಲ್ಫ್ ಶುರು ಮಾಡಿ ಎರಡು ವರ್ಷ. ಮೊದ್ಲು ಎಲ್ಲಾರ ತರ ನಂಗೂ ಸ್ಲೈಸೇ ಇತ್ತು, ಬಾಲ್ ಬಾಳೆಹಣ್ಣಿನ ತರ ಬಲಕ್ಕೆ ಬಾಗ್ತಾ ಹೋಗೋದು. ಯೂಟ್ಯೂಬ್ ನೋಡಿ ಎಡಗೈ ಹಿಡಿತ ಸ್ವಲ್ಪ ಬಲಕ್ಕೆ ಹೊರಳಿಸ್ಕೊಂಡೆ, ಸ್ಲೈಸ್ ಹೋಯ್ತು, ನಾಕೈದು ತಿಂಗಳು ಆರಾಮಾಗಿ ಆಡ್ದೆ. ಈಗ ಎರಡು ತಿಂಗಳಿಂದ ಪೂರ್ತಿ ಉಲ್ಟಾ. ಬಾಲ್ ಹೊರಡೋವಾಗ ಚೆನ್ನಾಗೇ ಹೊರಡುತ್ತೆ, ಸ್ವಲ್ಪ ಬಲಕ್ಕೆ, ನೋಡೋರೆಲ್ಲ ವಾವ್ ಅನ್ನೋ ಅಷ್ಟ್ರಲ್ಲಿ ಎಡಕ್ಕೆ ತಿರುಗಿ ಕೆಳಕ್ಕೆ ಧುಮುಕಿ ಮರದೊಳಗೆ ಹೋಗುತ್ತೆ. ಬಿದ್ದ ಮೇಲೂ ನಿಲ್ಲಲ್ಲ, ಉರುಳ್ತಾನೇ ಇರುತ್ತೆ.

ನಿನ್ನೆ ಬೆಳಿಗ್ಗೆ ಬೆಟ್ಟದ ಕೆಳಗೆ ಆಡ್ತಾ ಒಂದೇ ರೌಂಡಲ್ಲಿ ಏಳು ಬಾಲ್ ಕಳ್ಕೊಂಡೆ. ಏಳು! ಮನೇಲಿ ಹೇಳಿಲ್ಲ. ಜೊತೆಲಿ ಆಡ್ತಿದ್ದ ಹಿರಿಯರೊಬ್ರು "ಎಡಕ್ಕೆ ಹೋಗ್ತಿದ್ರೆ ಬಲಕ್ಕೆ ಗುರಿ ಇಡಪ್ಪ, ಸಿಂಪಲ್" ಅಂದ್ರು. ಇಟ್ಟೆ. ಕೊಕ್ಕೆ ಇನ್ನೂ ಜಾಸ್ತಿ ಆಯ್ತು, ಇದು ಹೆಂಗೆ ಅಂತ ತಲೆಗೇ ಹೋಗ್ತಿಲ್ಲ. ಇನ್ನೊಂದು ವಿಚಿತ್ರ ಅಂದ್ರೆ 9 ಐರನ್, ವೆಡ್ಜ್ ತರ ಗಿಡ್ಡ ಕ್ಲಬ್ ಎಲ್ಲ ಹೆಚ್ಚುಕಮ್ಮಿ ನೆಟ್ಟಗೇ ಹೋಗುತ್ತೆ, ದೂರ ಹೊಡೆಯೋ ಉದ್ದ ಕ್ಲಬ್ಬು, ಡ್ರೈವರ್ ಮತ್ತೆ 3 ವುಡ್ ಮಾತ್ರ ಹಿಂಗೆ. ಹಂಗಾದ್ರೆ ಸ್ವಿಂಗ್ ಸರಿ ಇದೆ, ಡ್ರೈವರ್ರೇ ಸರಿ ಇಲ್ಲ ಅಂತ ಅಲ್ವಾ? ಸೆಕೆಂಡ್ ಹ್ಯಾಂಡಲ್ಲಿ ತಗೊಂಡಿದ್ದು. ದಸರಾ ಒಳಗೆ ಸರಿ ಮಾಡ್ಕೋಬೇಕು, ಭಾವಮೈದುನ ಬೆಂಗಳೂರಿಂದ ಆಡೋಕೆ ಬರ್ತಿದಾನೆ, ಅವನ ಮುಂದೆ ಮರ್ಯಾದೆ ಹೋಗುತ್ತೆ.

ಕೊನೇ ಓವರ್

ಕ್ರಿಕೆಟಲ್ಲಿ ಹುಕ್ ಹೊಡೆದ್ರೆ ಚಪ್ಪಾಳೆ, ಇಲ್ಲಿ ಹುಕ್ ಹೊಡೆದ್ರೆ ಬಾಲ್ ಹುಡುಕು. ಒಂದ್ ಪ್ರಶ್ನೆ ಸರ್, ಚಿಕ್ಕೋರಿದ್ದಾಗ ಟೆನಿಸ್ ಬಾಲ್ ಕ್ರಿಕೆಟ್ ಜಾಸ್ತಿ ಆಡಿದೀರಾ?

ಕುವೆಂಪುನಗರದವ

ಆಡಿದೀನಾ ಅಂತೀರಲ್ಲ, ಮಹಾರಾಜ ಕಾಲೇಜ್ ಗ್ರೌಂಡಲ್ಲೇ ಬೆಳೆದಿದ್ದು. ಮಿಡ್ ವಿಕೆಟ್ ಮೇಲೆ ಸಿಕ್ಸ್ ನನ್ನ ಫೇವರಿಟ್. ಯಾಕೆ?

ಹಳೇ ಕ್ಯಾಡಿ

ಸರ್, ನಾನು ಹದಿನಾಲ್ಕು ವರ್ಷ ಬ್ಯಾಗ್ ಹೊತ್ತಿದೀನಿ, ಈಗ ಬೇರೆ ಕೆಲಸ, ಆದ್ರೂ ಕಣ್ಣು ಹೋಗಿಲ್ಲ. ಮೇಲೆ ಅವರು ಯಾಕೆ ಕೇಳಿದ್ರು ಅಂದ್ರೆ ನಮ್ ಕಡೆ ಹುಕ್ ಹೊಡೆಯೋರಲ್ಲಿ ಸುಮಾರು ಜನ ಹಳೇ ಕ್ರಿಕೆಟ್ಟಿನೋರೇ, ಕೆಳಗಿನ ಕೈ ಅಂದ್ರೆ ಬಲಗೈ ಮೇಲೇರಿ ಬಂದು ಕ್ಲಬ್ಬಿನ ಮುಖಾನ ಮುಚ್ಚಿಬಿಡುತ್ತೆ, ಅಂದ್ರೆ ಎಡಕ್ಕೆ ತಿರುಗಿಸುತ್ತೆ. ಮಿಡ್ ವಿಕೆಟ್ ಸಿಕ್ಸಿಗೆ ಅದೇ ಬೇಕು, ಇಲ್ಲಿ ಅದೇ ಶತ್ರು.

ಮೊದ್ಲು ಬಲಕ್ಕೆ ಗುರಿ ಇಟ್ರೆ ಯಾಕೆ ಜಾಸ್ತಿ ಆಗುತ್ತೆ ಅನ್ನೋದು ತಿಳ್ಕೊಳ್ಳಿ, ಅದೊಂದು ತಿಳಿದ್ರೆ ಅರ್ಧ ಕೆಲಸ ಆಯ್ತು. ಎರಡು ವಿಷಯ ಬೇರೆ ಬೇರೆ ಇದೆ ಸರ್. ಕ್ಲಬ್ ತಲೆ ಹೋಗೋ ದಾರಿ ಒಂದು, ಬಾಲಿಗೆ ತಗಲೋವಾಗ ಅದರ ಮುಖ ನೋಡೋ ದಿಕ್ಕು ಇನ್ನೊಂದು. ಬಾಲ್ ಹೊರಡೋದು ಬಹುಪಾಲು ಮುಖ ನೋಡೋ ಕಡೆಗೆ, ದಾರಿ ಕಡೆಗಲ್ಲ, ಹಳಬರು ಉಲ್ಟಾ ಹೇಳ್ತಿದ್ರು. ಆಮೇಲೆ ಬಾಗೋದು ಆ ಎರಡರ ಮಧ್ಯದ ಅಂತರದಿಂದ. ದಾರಿಗೆ ಹೋಲಿಸಿದ್ರೆ ಮುಖ ಎಡಕ್ಕಿದ್ರೆ ಎಡಕ್ಕೆ ಬಾಗುತ್ತೆ, ಬಲಕ್ಕಿದ್ರೆ ಬಲಕ್ಕೆ. ಈಗ ನೀವು ಬಲಕ್ಕೆ ನಿಂತ್ರಿ, ಭುಜ ಬಲಕ್ಕೆ, ಕಾಲು ಬಲಕ್ಕೆ, ಹಂಗಾಗಿ ಕ್ಲಬ್ ದಾರಿನೂ ಇನ್ನೂ ಬಲಕ್ಕೆ ಹೋಯ್ತು, ಆದ್ರೆ ಬಾಲ್ ಎಲ್ಲಿಗೆ ಹೋಗ್ಬೇಕು ಅಂತ ಕೈಗೆ ಗೊತ್ತಲ್ಲ, ಅದು ಮುಖಾನ ವಾಪಸ್ ಎಡಕ್ಕೆ ತಂದ್ಬಿಡ್ತು. ಅಂತರ ಜಾಸ್ತಿ ಆಯ್ತು, ಕೊಕ್ಕೆನೂ ಜಾಸ್ತಿ ಆಯ್ತು. ಆ ಹಿರಿಯರು ಒಳ್ಳೇ ಮನಸ್ಸಿಂದಲೇ ಹೇಳಿರ್ತಾರೆ ಬಿಡಿ.

ವೆಡ್ಜ್ ನೆಟ್ಟಗೆ ಹೋಗುತ್ತೆ ಅಂದ್ರೆ ಸ್ವಿಂಗ್ ಸರಿ ಇದೆ ಅಂತ ಅಲ್ಲ ಸರ್, ತಪ್ಪು ತಿಳ್ಕೋಬೇಡಿ. ಅದರ ಲಾಫ್ಟ್, ಅಂದ್ರೆ ಮುಖ ಹಿಂದಕ್ಕೆ ವಾಲಿರೋ ಕೋನ, ಜಾಸ್ತಿ, ಹಿಂದಕ್ಕೆ ತಿರುಗೋ ಸ್ಪಿನ್ನೇ ಜೋರಾಗಿರುತ್ತೆ, ಅಡ್ಡ ಬಾಗೋದು ಕಾಣಲ್ಲ. ಡ್ರೈವರ್ ಲಾಫ್ಟ್ ಹತ್ತು ಡಿಗ್ರಿ ಆಸುಪಾಸು, ಅದು ಯಾವ ತಪ್ಪನ್ನೂ ಮುಚ್ಚಿಡಲ್ಲ. ಬೇಕಾದ್ರೆ 7 ಐರನ್ ಹೊಡೆದು ಹುಲ್ಲು ಕಿತ್ತು ಬಂದ ಜಾಗ ನೋಡಿ. ಆ ಡಿವಟ್ ಗುರಿಗಿಂತ ಬಲಕ್ಕೆ ಕೈ ತೋರಿಸ್ತಾ ಇದ್ರೆ ನಿಮ್ಮ ದಾರಿ ಒಳಗಿಂದ ಹೊರಕ್ಕೆ ಅಂತ ಅರ್ಥ. ನಾವು ಕ್ಯಾಡಿಗಳು ಬಾಲ್ ನೋಡೋ ಮುಂಚೆ ಅದನ್ನೇ ನೋಡ್ತಿದ್ವಿ, ಸಾಹೇಬ್ರು ಬೈಕೊಳ್ತಾ ಇರೋವಾಗ ಕಾಲಲ್ಲಿ ಹುಲ್ಲು ವಾಪಸ್ ಒತ್ತುತಾ.

ಈಗ ಮನೇಲೇ ಒಂದು ಕೆಲಸ ಮಾಡಿ. ಡ್ರೈವರ್ ಹಿಡ್ಕೊಂಡು ಬಾಲಿಗೆ ನಿಂತ ಹಾಗೆ ನಿಂತು ಕೆಳಗೆ ನೋಡಿ, ಎಡಗೈ ಗೆಣ್ಣು ಎಷ್ಟು ಕಾಣುತ್ತೆ ಎಣಿಸಿ ಹೇಳಿ.

ಕುವೆಂಪುನಗರದವ

ಎಣಿಸ್ದೆ. ನಾಲ್ಕೂ ಕಾಣುತ್ತೆ 😅 ಹೆಬ್ಬೆರಳು ತೋರುಬೆರಳ ಮಧ್ಯದ ವಿ ಆಕಾರ ಬಲ ಭುಜಾನೂ ದಾಟಿ ಆಚೆ ಹೋಗಿದೆ. ಬಲಗೈ ಅಂತೂ ಬೈಕ್ ಆಕ್ಸಿಲರೇಟರ್ ಹಿಡಿದ ತರ ಅಡಿಯಿಂದ ಹಿಡಿದಿದೆ.

ಮಂಡ್ಯ ಗದ್ದೆ ಗಾಲ್ಫ್

ಅಣ್ಣೋ ನಾಕು ಗೆಣ್ಣಾ, ನಮ್ ಕಡೆ ಕಬ್ಬಲ್ಲೂ ಗೆಣ್ಣು ಒತ್ತೊತ್ತಾಗಿದ್ರೆ ರಸ ಕಮ್ಮಿ ಅಂತೀವಿ 😂

ನಂದೂ ಇಂಗೇ ಇತ್ತು, ಎರಡ್ ವರ್ಸದ ಇಂದೆ. ನಮ್ಮೂರಲ್ಲಿ ರೇಂಜ್ ಎಲ್ ಬರ್ಬೇಕು, ಬತ್ತ ಕುಯ್ಲಾದ್ ಮ್ಯಾಲೆ ಗದ್ದೆಲೇ ಪ್ರಾಕ್ಟೀಸು. ನೀವೆಲ್ಲ ದುಡ್ ಕೊಟ್ಟು ಅಲೈನ್‌ಮೆಂಟ್ ಕಡ್ಡಿ ತಗತೀರಲ್ಲ, ನಾನು ನೆಟ್ಟಗಿರೋ ಎರಡ್ ಕಬ್ಬಿನ್ ಜಲ್ಲೆ ಇಕ್ಕೋತೀನಿ, ಒಂದು ಬಾಲಿಂದ ಗುರಿ ಕಡೀಕೆ, ಇನ್ನೊಂದು ಕಾಲ್ ಬೆಳ್ ಮುಂದೆ ಅದರ ಪಕ್ಕಕ್ಕೇ ಸಮವಾಗಿ. ಇಕ್ಕಿ ನೋಡುದ್ರೆ ಗೊತ್ತಾಯ್ತು ನಾನು ನೆಟ್ಟಗೆ ನಿಂತಿವ್ನಿ ಅಂದ್ಕೊಂಡು ಇಪ್ಪತ್ ಗಜ ಬಲಕ್ಕೆ ನಿಂತಿದ್ದೆ. ಬಾಲ್ ಎಡಕ್ ಓಗುತ್ತೆ ಅಂತ ದಿನಾ ವಸಿ ವಸಿ ಬಲಕ್ಕೆ ತಿರುಗ್ತಾ ತಿರುಗ್ತಾ ಅಲ್ಲಿಗೆ ಓಗ್ಬುಟ್ಟಿದ್ದೆ. ಯಾರೂ ಏಳ್ನಿಲ್ಲ. ಮೊದ್ಲು ಇದ ನೋಡ್ಕಳಿ. ಪ್ರಾಕ್ಟೀಸ್ ಮುಗುದ್ ಮ್ಯಾಲೆ ಜಲ್ಲೆ ತಿನ್ಬೌದು, ಅದು ಲಾಭ.

ಸರಸ್ವತಿಪುರಂ

ನಾಲ್ಕು ಗೆಣ್ಣು ಅಂದ್ರೆ ಅಲ್ಲೇ ಇದೆ ಉತ್ತರ. ಎರಡು, ಹೆಚ್ಚಂದ್ರೆ ಎರಡೂವರೆ ಕಾಣೋ ಹಾಗೆ ಎಡಗೈನ ಗುರಿ ಕಡೆಗೆ ಹೊರಳಿಸಿ, ವಿ ಆಕಾರ ಬಲಗಡೆ ಕೆನ್ನೆ ಅಥವಾ ಕಿವಿ ಕಡೆ ಇರ್ಲಿ. ಬಲಗೈ ಅಡಿಯಿಂದ ತೆಗೆದು ಪಕ್ಕಕ್ಕೆ ತನ್ನಿ, ಎಡ ಹೆಬ್ಬೆರಳ ಮೇಲೆ ಬಲ ಅಂಗೈ ಕೂರೋ ಹಾಗೆ. ಬೆನ್ ಹೋಗನ್ ಅಂತ ದೊಡ್ಡ ಆಟಗಾರ ಇದ್ನಲ್ಲ, ವೃತ್ತಿಜೀವನದ ಶುರುವಲ್ಲಿ ಅವನಿಗೂ ಇದೇ ಹುಕ್ ಕಾಟ, ಎಡಗೈ ಹಿಡಿತ ಹೊರಳಿಸ್ಕೊಂಡು ಫೇಡ್, ಅಂದ್ರೆ ಸ್ವಲ್ಪ ಬಲಕ್ಕೆ ಬಾಗೋ ಶಾಟ್, ಹೊಡೆಯೋಕೆ ಕಲಿತವನು 1953ರಲ್ಲಿ ಒಂದೇ ವರ್ಷ ಮೂರು ಮೇಜರ್ ಟೂರ್ನಿ ಗೆದ್ದ. ಹಾಗಾಗಿ ನಾಚಿಕೆ ಪಟ್ಕೋಬೇಕಾಗಿಲ್ಲ.

ಆದ್ರೆ ಒಂದು ಎಚ್ಚರಿಕೆ. ಹಿಡಿತ ಬದಲಾಯಿಸಿದ ಮೊದಲ ವಾರ ಕೈ ನಿಮ್ಮದಲ್ಲ ಅನ್ಸುತ್ತೆ, ಬಾಲ್ ಬಲಕ್ಕೆ ಹೋಗುತ್ತೆ, ತಕ್ಷಣ ಗಾಬರಿಯಾಗಿ ವಾಪಸ್ ಹಳೇ ಹಿಡಿತಕ್ಕೆ ಹೋಗ್ಬಿಡ್ತೀರ. ನಾನೂ ಹಾಗೇ ಮೂರು ಸಲ ಹೋಗಿದೀನಿ. ಅದಕ್ಕೆ ನಾನು ಟಿವಿ ನೋಡೋವಾಗ ಕ್ಲಬ್ ಕೈಯಲ್ಲಿ ಹಿಡ್ಕೊಂಡು ಕೂರ್ತಿದ್ದೆ, ಬಿಡೋದು, ಮತ್ತೆ ಹಿಡಿಯೋದು, ಎಣಿಸೋದು, ಸ್ವಿಂಗ್ ಮಾಡೋ ಹಾಗಿಲ್ಲ. ಅಡುಗೆಮನೆಯಿಂದ ಅತ್ತೆ ಬಂದು "ಅದೇನಮ್ಮ ದೊಣ್ಣೆ ಹಿಡ್ಕೊಂಡು ಸೀರಿಯಲ್ ನೋಡ್ತೀಯ" ಅಂತ ಕೇಳಿದ್ರು.

ರೇಂಜಲ್ಲಿ ಡ್ರೈವರ್ ಮುಟ್ಟಬೇಡಿ ಹದಿನೈದು ದಿನ. 7 ಐರನ್, ಅರ್ಧ ಸ್ವಿಂಗ್, ಮುಗಿದಾಗ ಎದೆ ಪೂರ್ತಿ ಗುರಿ ನೋಡ್ತಿರಬೇಕು. ಹುಕ್ಕಿಗೆ ಇನ್ನೊಂದು ಕಾರಣ ಸೊಂಟ ಮಧ್ಯದಲ್ಲೇ ನಿಂತ್ಬಿಡೋದು. ಮೈ ನಿಂತ್ರೆ ಕೈ ಒಂದೇ ಓಡುತ್ತೆ, ಮಣಿಕಟ್ಟು ಮಗುಚುತ್ತೆ. ನಮ್ ಮೈಸೂರಿನ ಪ್ರಣವಿ ಅರಸ್ ಆಡೋ ವಿಡಿಯೋ ಸಿಕ್ಕಿದ್ರೆ ನಿಧಾನ ಮಾಡಿ ನೋಡಿ, ಬಾಲ್ ಹೋದ ಮೇಲೂ ಮೈ ತಿರುಗೋದು ನಿಲ್ಲಲ್ಲ. ಅಕ್ಕಪಕ್ಕದ ಬೇಲಿ ದಾಟಿಸೋ ಹಾಗೆ ಬರೀ ತೋಳಲ್ಲಿ ಬೀಸಬೇಡಿ.

ಹಳೇ ಕ್ಯಾಡಿ

ಮೇಡಂ ಸರಿಯಾಗಿ ಹೇಳಿದಾರೆ. ನಂದೊಂದು ಸೇರಿಸ್ತೀನಿ. ಬಾಲಿಂದ ಒಂದೂವರೆ ಅಡಿ ಹಿಂದೆ, ನಿಮ್ಮ ಕಾಲಿನ ಕಡೆಗೆ ಸ್ವಲ್ಪ ಒಳಗೆ ಒಂದು ಹೆಡ್‌ಕವರ್ (ಕ್ಲಬ್ ತಲೆಗೆ ಹಾಕೋ ಚೀಲ) ಇಡಿ, ಇಲ್ಲಾಂದ್ರೆ ಸುತ್ತಿದ ಟವಲ್. ಕ್ಲಬ್ ಅತಿಯಾಗಿ ಒಳಗಿಂದ ಬಂದ್ರೆ ಅದಕ್ಕೆ ಬಡಿಯುತ್ತೆ. ಬಡಿಯದ ಹಾಗೆ ಹೊಡೆಯೋದು ಕಲಿತ್ರೆ ದಾರಿ ತಾನೇ ನೆಟ್ಟಗಾಗುತ್ತೆ. ದಯವಿಟ್ಟು ಇಟ್ಟಿಗೆ ಇಡಬೇಡಿ, ಒಬ್ರು ಇಟ್ಟಿದ್ರು, ಕ್ಲಬ್ಬಿನ ಶಾಫ್ಟೇ (ಕೋಲೇ) ಹೋಯ್ತು.

ಮತ್ತೆ ಆ ಸೆಕೆಂಡ್ ಹ್ಯಾಂಡ್ ಡ್ರೈವರ್ ಬಗ್ಗೆ ಹೇಳಿದ್ರಲ್ಲ, ಅದನ್ನೂ ಬಿಡೋ ಹಾಗಿಲ್ಲ. ಕ್ಲಬ್ ತಲೆ ಕೋಲಿಗೆ ಸೇರೋ ಕತ್ತಿನ ಹತ್ರ ತಿರುಪು ಇರುತ್ತೆ, ಅಲ್ಲಿ ಏನು ಬರೆದಿದೆ ನೋಡಿ. ಮುಂಚೆ ಇಟ್ಕೊಂಡಿದ್ದೋರು ಸ್ಲೈಸ್ ಹೊಡೆಯೋರಾಗಿದ್ರೆ ಅವರಿಗೆ ಬೇಕಾದ ಹಾಗೆ ತಿರುಗಿಸಿ ಇಟ್ಟಿರ್ತಾರೆ.

ಕುವೆಂಪುನಗರದವ (ಎರಡು ವಾರದ ಮೇಲೆ)

ಅಪ್‌ಡೇಟ್ ಕೊಡ್ತೀನಿ ಅಂದಿದ್ದೆ, ಲೇಟ್ ಆಯ್ತು, ಆಫೀಸಲ್ಲಿ ಆಡಿಟ್.

ಹಳೇ ಕ್ಯಾಡಿ ಅವರೇ ನಿಮಗೆ ಕೈ ಮುಗಿಬೇಕು. ಡ್ರೈವರ್ ಕತ್ತು ನೋಡಿದ್ರೆ ಲಾಫ್ಟ್ ಒಂದೂವರೆ ಡಿಗ್ರಿ ಮೇಲಕ್ಕೆ ತಿರುಗಿಸಿ ಇಟ್ಟಿದಾರೆ, ಲಾಫ್ಟ್ ಏರಿಸಿದ್ರೆ ಮುಖ ಸ್ವಲ್ಪ ಮುಚ್ಚುತ್ತಂತೆ, ಅದು ಸಾಲದು ಅಂತ ಹಿಂದಿನ ಜಾರೋ ತೂಕಾನೂ ಡ್ರಾ ಕಡೆಗೆ, ಅಂದ್ರೆ ಬಾಲ್ ಎಡಕ್ಕೆ ಬಾಗೋ ಕಡೆಗೆ ತಳ್ಳಿದೆ. ಅಂದ್ರೆ ಕ್ಲಬ್ಬೂ ಎಡಕ್ಕೆ, ನಾನೂ ಎಡಕ್ಕೆ. ಎರಡನ್ನೂ ಮಧ್ಯಕ್ಕೆ ತಂದೆ. ಆಮೇಲೆ ಎಲ್ಲೋ ಓದಿದೆ ಅಂತ ಡ್ರೈವರ್ ಮುಖಕ್ಕೆ ಟಾಲ್ಕಂ ಪೌಡರ್ ಹಚ್ಚಿ ಹೊಡೆದೆ, ಬಾಲಿನ ಗುಂಡನೆ ಗುರುತು ಪ್ರತಿ ಸಲ ಮುಖದ ತುದಿ ಕಡೆ, ನಡುವೆ ಒಂದೂ ಇಲ್ಲ. ತುದಿಗೆ ತಗಲಿದ್ರೆ ತಲೆ ಹಿಂದಕ್ಕೆ ತಿರುಗಿ ಬಾಲಿಗೆ ಹಲ್ಲುಚಕ್ರದ ತರ ಎಡಕ್ಕೆ ಬಾಗೋ ಸ್ಪಿನ್ ಸಿಗುತ್ತಂತೆ. ಬಾಲಿಗೆ ಅರ್ಧ ಇಂಚು ಹತ್ರ ನಿಂತೆ, ಗುರುತು ನಡುವಿಗೆ ಬಂತು. ರೇಂಜಲ್ಲಿ ಪಕ್ಕದವರು "ಏನ್ ಸರ್ ಡ್ರೈವರಿಗೆ ಪೌಡರ್ ಹಾಕಿ ಮದುವೆಗೆ ರೆಡಿ ಮಾಡ್ತಿದೀರಾ" ಅಂದ್ರು.

ಹಿಡಿತ ಎರಡೂವರೆ ಗೆಣ್ಣಿಗೆ ಬಂದಿದೆ. ಮೊದಲ ನಾಲ್ಕು ದಿನ ನರಕ, ಸರಸ್ವತಿಪುರಂ ಮೇಡಂ ಹೇಳಿದ ಹಾಗೇ ಬಾಲ್ ಬಲಕ್ಕೆ ಬಲಕ್ಕೆ, ವಾಪಸ್ ಹಳೇ ಹಿಡಿತಕ್ಕೆ ಹೋಗೋಣ ಅಂತ ಕೈ ತುರಿಸ್ತಿತ್ತು, ಹೋಗ್ಲಿಲ್ಲ. ನಿನ್ನೆ ರೌಂಡಲ್ಲಿ ಕಳೆದಿದ್ದು ಎರಡೇ ಬಾಲ್. ಅದರಲ್ಲಿ ಒಂದು ಔಟ್ ಆಫ್ ಬೌಂಡ್ಸ್ (ಕೋರ್ಸಿನ ಗಡಿ ಆಚೆ), ಟೀ ಮೇಲಿಂದ ಮತ್ತೆ ಮೂರನೇ ಶಾಟ್ ಹೊಡೆಯೋವಾಗ ಹಳೇ ಕೋಪ ಬಂದು ಬಲಗೈ ಜೋರು ಮಾಡ್ದೆ, ತಕ್ಷಣ ಕೊಕ್ಕೆ. ಕೋಪ ಬಂದ್ರೆ ಬಲಗೈ ಬರುತ್ತೆ, ಇದಕ್ಕೇನಾದ್ರೂ ಡ್ರಿಲ್ ಇದೆಯಾ?

ಕೊನೇ ಓವರ್

ಕೋಪಕ್ಕೆ ಡ್ರಿಲ್ ಕೇಳ್ತಿದೀರಲ್ಲ ಸರ್, ಅದು ಇದ್ದಿದ್ರೆ ನನ್ನ ಮದುವೆ ಇನ್ನೂ ಚೆನ್ನಾಗಿರ್ತಿತ್ತು.

ಸರಸ್ವತಿಪುರಂ

ಹಿಡಿತದ ಬಿಗಿ ನೋಡ್ಕೊಳ್ಳಿ. ಕೋಪ ಬಂದಾಗ ಕೈ ಬಿಗಿಯಾಗುತ್ತೆ, ಬಿಗಿಯಾದ್ರೆ ಮೈ ತಿರುಗಲ್ಲ. ಎರಡನೇ ಬಾಲ್ ಹೊಡೆಯೋ ಮುಂಚೆ ಡ್ರೈವರ್ ಬ್ಯಾಗಿಗೆ ಹಾಕಿ, 5 ಐರನ್ ತಗೊಳ್ಳಿ. ನಾನು ಅಷ್ಟೇ ಮಾಡೋದು.

ಮಂಡ್ಯ ಗದ್ದೆ ಗಾಲ್ಫ್

ಎರಡೇ ಬಾಲಾ, ಸೂಪರ್ ಕಣಣ್ಣೋ. ಭಾವಮೈದ ಬಂದಾಗ ನಮ್ ಕಡೀಕೂ ಕರ್ಕಂಡ್ ಬನ್ನಿ, ಗದ್ದೆಲಿ ಔಟ್ ಆಫ್ ಬೌಂಡ್ಸ್ ಇಲ್ಲ, ವಿ.ಸಿ. ನಾಲೆ ಒಂದೇ ಇರೋದು.

ಹಳೇ ಕ್ಯಾಡಿ

ಸರ್ ಬಾಲ್ ಈಗ ಹೊರಡೋದು ಯಾವ ಕಡೆ, ನೆಟ್ಟಗಾ ಬಲಕ್ಕಾ? ಬಲಕ್ಕೆ ಹೊರಟು ಸ್ವಲ್ಪ ಎಡಕ್ಕೆ ಬಂದ್ರೆ ಅದು ಡ್ರಾ, ಅದನ್ನ ಮುಟ್ಟಬೇಡಿ, ಅದಕ್ಕೆ ಜನ ದುಡ್ಡು ಕೊಟ್ಟು ಪಾಠ ಹೇಳಿಸ್ಕೊಳ್ತಾರೆ. ಹೊರಡೋದೇ ಎಡಕ್ಕೆ ಹೊರಟು ಇನ್ನೂ ಎಡಕ್ಕೆ ಹೋದ್ರೆ ಬೇರೆ ರೋಗ, ಆಗ ಬನ್ನಿ, ನೋಡೋಣ. ಶನಿವಾರ ಬೆಳಿಗ್ಗೆ ನಾನು ಆ ಕಡೆ ಬರ್ತೀನಿ.

ಕುವೆಂಪುನಗರದವ

ಬಲಕ್ಕೇ ಹೊರಡೋದು, ಒಂದು ಹತ್ತು ಗಜ ಎಡಕ್ಕೆ ಬರುತ್ತೆ ಅಷ್ಟೇ. ಶನಿವಾರ ಆರು ಗಂಟೆಗೆ ಬರ್ತೀನಿ ಸರ್, ಕಾಫಿ ನಂದು. ಪೌಡರ್ ಡಬ್ಬಿನೂ ತರ್ತೀನಿ, ಮನೇಲಿ ಹುಡುಕ್ತಿದಾರೆ.