ಮಸಾಯ್ ಮಾರಾ ಬಲೂನ್ ಸಫಾರಿ: ಮಂಡಿನೋವಿದ್ದವರು ಹತ್ತಬಹುದಾ? ಯಾವ ಲೆನ್ಸ್?

ತೇಜು_ಹಾಸನ:
ಆಗಸ್ಟ್ ಕೊನೆಗೆ ಕೀನ್ಯಾಗೆ ಹೊರಟಿದ್ದೇವೆ. ಬಲೂನಿಗೆ ತಲೆಗೆ 450-500 ಡಾಲರ್ ಹೇಳ್ತಿದ್ದಾರೆ. ಅಷ್ಟು ಕೊಟ್ಟರೆ ಸಿಂಹ, ಚಿರತೆ ಹತ್ತಿರದಿಂದ ಸಿಗುತ್ತಾ? ಅಮ್ಮನಿಗೆ 64, ಮಂಡಿನೋವಿದೆ. ಮಗನಿಗೆ 6 ವರ್ಷ. ದೂರದ್ದನ್ನು ಹತ್ತಿರ ತೋರಿಸುವ 100-400 ಮಿ.ಮೀ. ಜೂಮ್ ಲೆನ್ಸ್ ತರಬಹುದಾ?

ಹುಲ್ಲುಗಾವಲು:
ಸಿಂಹಕ್ಕಾದರೆ ಆ ದುಡ್ಡನ್ನು ಜೀಪಿಗೇ ಹಾಕಿ. ಬಲೂನಿಗೆ ಚುಕ್ಕಾಣಿ ಇಲ್ಲ. ಎತ್ತರ ಬದಲಾದಂತೆ ಗಾಳಿಯ ದಿಕ್ಕೂ ಬದಲಾಗುತ್ತೆ, ಪೈಲಟ್ ಮೇಲೆ ಕೆಳಗೆ ಹೋಗಿ ಅದನ್ನೇ ಬಳಸಿಕೊಳ್ತಾರೆ. ಹಾಗಾಗಿ ಸಿಂಹ ಕಂಡರೂ ತಿರುಗಿ ಅದರ ಹತ್ತಿರ ಹೋಗೋಕಾಗಲ್ಲ. ನೆಲಕ್ಕೆ ಹತ್ತಿರ ಹೋಗುವಾಗ ಮೇಲೇಳಲು ಬರ್ನರ್ (ಬಲೂನಿನೊಳಗಿನ ಗಾಳಿ ಕಾಯಿಸುವ ಗ್ಯಾಸ್ ಉರಿ) ಹಚ್ಚಲೇಬೇಕು, ಆ ಸದ್ದಿಗೆ ಕಾಡೆಮ್ಮೆ, ಜೀಬ್ರಾ ಓಡುತ್ತವೆ.

ಮೇಲಿಂದ ನೋಡಬೇಕಾದ್ದೇ ಬೇರೆ: ಸಾಲುಗಟ್ಟಿ ನಡೆಯುವ ವಿಲ್ಡಬೀಸ್ಟ್ (ಆಫ್ರಿಕಾದ ದೊಡ್ಡ ಹುಲ್ಲೆ), ಹುಲ್ಲಿನಲ್ಲಿ ಅವು ತುಳಿದ ದಾರಿಗಳು, ಮಡುವಿನಲ್ಲಿ ಒತ್ತೊತ್ತಾಗಿ ಮಲಗಿದ ನೀರಾನೆಗಳು, ಉದ್ದ ನೆರಳಿನ ಜಿರಾಫೆ. ವಿಲ್ಡಬೀಸ್ಟ್ ಹಿಂಡು ನದಿ ದಾಟುವುದನ್ನು ನಿರೀಕ್ಷಿಸಬೇಡಿ. ಅದು ಸಾಮಾನ್ಯವಾಗಿ ಬಿಸಿಲೇರಿದ ಮೇಲೆ. ಬಲೂನು ಸೂರ್ಯೋದಯಕ್ಕೆ ಎದ್ದು ಸುಮಾರು ಒಂದು ಗಂಟೆಗೆಲ್ಲ ಇಳಿದಿರುತ್ತೆ.

ಮೇಲ್ಗಾಳಿ:
ಅಮ್ಮನ ವಿಷಯದಲ್ಲಿ ಯೋಚಿಸಬೇಕಾದ್ದು ಹಾರಾಟವಲ್ಲ, ಹತ್ತೋದು, ಇಳಿಯೋದು. ಅನೇಕ ಕಡೆ ಜನ ನಿಲ್ಲುವ ಬುಟ್ಟಿ ಅಡ್ಡ ಮಲಗಿರುವಾಗಲೇ ಒಳಗೆ ಹೋಗಿ, ಬೆನ್ನ ಮೇಲೆ ಮಲಗಿ, ಕಾಲು ಮಡಚಿರಬೇಕು. ಬಲೂನಿನ ಬಟ್ಟೆ ಬಿಸಿಗಾಳಿ ತುಂಬಿ ಮೇಲೆದ್ದಾಗ ಬುಟ್ಟಿಯೂ ನೆಟ್ಟಗಾಗುತ್ತೆ. ಇನ್ನು ಕೆಲವು ಕಡೆ ನಿಂತ ಬುಟ್ಟಿಯ ಪಕ್ಕದ ಕಾಲ್ತೂತುಗಳಲ್ಲಿ ಹೆಜ್ಜೆಯಿಟ್ಟು, ಎದೆಮಟ್ಟದ ಅಂಚು ದಾಟಬೇಕು.

ಬಲೂನು ನೆಲಕ್ಕಿಳಿಯುವಾಗ ಅದು ಚಲಿಸುವ ದಿಕ್ಕಿಗೆ ಬೆನ್ನು ಮಾಡಿ, ಬೆನ್ನನ್ನು ಬುಟ್ಟಿಗೆ ಒತ್ತಿ, ಮಂಡಿ ಬಗ್ಗಿಸಿ, ಒಳಗಿನ ಹಗ್ಗದ ಹಿಡಿಯನ್ನು ಎರಡೂ ಕೈಲಿ ಹಿಡಿದಿರಬೇಕು. ಕೈ ಹೊರಗೆ ಚಾಚಬಾರದು. ಗಾಳಿ ಜೋರಿದ್ದರೆ ಬುಟ್ಟಿ ನೆಲಕ್ಕೆ ತಾಗಿ ಹಾರಿ, ಅಡ್ಡಬಿದ್ದು, ಸ್ವಲ್ಪ ದೂರ ಎಳೆದುಕೊಂಡೇ ಹೋಗುತ್ತೆ. ಬುಟ್ಟಿ ಪೂರ್ತಿ ನಿಂತು ಪೈಲಟ್ ಹೇಳೋವರೆಗೆ ಯಾರೂ ಇಳಿಯುವಂತಿಲ್ಲ. ಒಬ್ಬರ ಭಾರ ಕಡಿಮೆಯಾದರೂ ಮತ್ತೆ ಮೇಲೇಳಬಹುದು. ಇತ್ತೀಚೆಗೆ ಮಂಡಿ, ಬೆನ್ನಿನ ಆಪರೇಷನ್ ಆದವರನ್ನು, ಗರ್ಭಿಣಿಯರನ್ನು ಹತ್ತಿಸಿಕೊಳ್ಳಲ್ಲ. ಬರೀ ನೋವಾದರೆ ಬುಕಿಂಗ್‌ಗೆ ಮೊದಲೇ ಬರೆದು ಕೇಳಿ, ಅಲ್ಲಿ ಹೋಗಿ ಹೇಳಬೇಡಿ. ಮಗನ ವಯಸ್ಸು ಬಹಳ ಕಡೆ ಸಾಲದು, 7 ಕೇಳ್ತಾರೆ. ಬುಟ್ಟಿಯಂಚಿನ ಮೇಲಿಂದ ಕಾಣುವಷ್ಟು ಎತ್ತರವೂ ಬೇಕು.

ಎಫ್೮:
ಎರಡು ಲೆನ್ಸ್ ಬೇಡ, ಗಾಳಿಯಲ್ಲಿ ಬದಲಿಸೋಕೆ ಜಾಗವಿಲ್ಲ. 24-105 ಅಥವಾ 70-200 ಸಾಕು. 100-400 ಒಂದೇ ಇದ್ದರೆ ಬಯಲಿನ ವಿಸ್ತಾರ ತಪ್ಪಿಹೋಗುತ್ತೆ. ಮೊದಲ ಅರ್ಧ ಗಂಟೆ ಬೆಳಕು ಕಮ್ಮಿ, ಐಎಸ್‌ಒ (ಕ್ಯಾಮೆರಾ ಬೆಳಕು ಹಿಡಿಯುವ ಸೂಕ್ಷ್ಮತೆ) 1600-3200, ಷಟರ್ 1/500 ಸೆಕೆಂಡ್. ಕ್ಯಾಮೆರಾ ಪಟ್ಟಿ ಕುತ್ತಿಗೆಗಿರಲಿ, ಇಳಿಯುವ ಮುನ್ನ ಚೀಲದೊಳಗೆ ಹಾಕಿ. ಮೋಡವಿಲ್ಲದಿದ್ದರೆ ಬಲೂನಿನ ನೆರಳೂ ಚಿತ್ರಕ್ಕೆ ಚೆನ್ನ.

ಹುಲ್ಲುಗಾವಲು:
ಇನ್ನೊಂದು. ಹಾರಾಟವನ್ನು ಮಾರಾದ ಮೊದಲ ಬೆಳಿಗ್ಗೆಗೇ ಇಡಿ. ಗಾಳಿ, ಮಳೆಗೆ ರದ್ದಾದರೆ ಮರುದಿನ ಸಿಗಬಹುದು. ಕೊನೆ ದಿನಕ್ಕಿಟ್ಟರೆ ಆ ದಾರಿ ಇಲ್ಲ. ಪಾರ್ಕ್ ಶುಲ್ಕ ಬೇರೆ, ಕೇಳಿಕೊಳ್ಳಿ. ಬೆಳಿಗ್ಗೆ ನಾಲ್ಕೂವರೆಗೆಲ್ಲ ಹೊರಡಬೇಕು, ಚಳಿಗೆ ಸ್ವೆಟರ್ ಬೇಕು. ಟೋಪಿಯೂ ಇರಲಿ, ಬರ್ನರಿನ ಕಾವು ನೆತ್ತಿಗೇ ಬಡಿಯುತ್ತೆ.