ಒಹಾಯೋ ಹುಟ್ಟಿದ್ದು ಯಾವಾಗ? ಮನೆಯ ಗುಂಪಿನಲ್ಲಿ ನಡೆದ ವಾದ

ಚಿಕ್ಕಪ್ಪ (ಫಾರ್ವರ್ಡ್): ಅಮೆರಿಕದ ಒಹಾಯೋ 1803ರಲ್ಲಿ ರಾಜ್ಯವಾಯಿತು ಎಂದು ಓದಿದ್ದೀರಿ. ಶುದ್ಧ ಸುಳ್ಳು! ಅದಕ್ಕೆ ವಿಧಿವತ್ತಾಗಿ ನಿರ್ಣಯ ಮಾಡುವುದನ್ನೇ ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಮರೆತಿತ್ತು. 1953ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಸಹಿ ಹಾಕಿದ ಮೇಲೆಯೇ ಅದು ರಾಜ್ಯ. ಎಲ್ಲರಿಗೂ ಕಳಿಸಿ.

ಅತ್ತಿಗೆ: ಮಾವ, ಇಲ್ಲಿ ಒಹಾಯೋದ ರಾಜಧಾನಿ ಕೊಲಂಬಸ್‌ನಲ್ಲಿ ಮಕ್ಕಳಿಗೆ 1803ರ ಮಾರ್ಚ್ 1 ಎಂದೇ ಪಾಠವಾಗುತ್ತದೆ.

ಚಿಕ್ಕಪ್ಪ: ಪಾಠದಲ್ಲಿರುವುದೆಲ್ಲ ವೇದವಾಕ್ಯವೇನಮ್ಮ? 1953ರ ಸಹಿ ಇದೆಯೋ ಇಲ್ಲವೋ?

ನಾನು: ಇದೆ ಚಿಕ್ಕಪ್ಪ, ಆಗಸ್ಟ್ 7ರಂದು. ಆದರೆ ಆ ನಿರ್ಣಯವೇ 1803ರ ಮಾರ್ಚ್ 1ರಿಂದ ಅನ್ವಯ ಎನ್ನುತ್ತದೆ. 1802ರ ಏಪ್ರಿಲ್‌ನಲ್ಲಿ ರಾಜ್ಯ ರಚಿಸಲು ಕಾಂಗ್ರೆಸ್ ಅನುಮತಿ ಕೊಟ್ಟಿತು, ನವೆಂಬರ್‌ನಲ್ಲಿ ಒಹಾಯೋದ ಚಿಲಿಕಾಥಿ ಊರಿನಲ್ಲಿ ರಾಜ್ಯದ ಸಂವಿಧಾನ ಸಿದ್ಧವಾಯಿತು. 1803ರ ಫೆಬ್ರವರಿ 19ರಂದು ಆಗಿನ ಅಧ್ಯಕ್ಷ ಜೆಫರ್ಸನ್ ಸಹಿ ಮಾಡಿದ ಕಾಯ್ದೆ ಒಹಾಯೋವನ್ನು ರಾಜ್ಯವೆಂದೇ ಕರೆದಿದೆ. ಇದೇ ಎಳೆ ಹಿಡಿದು, ಒಹಾಯೋ ರಾಜ್ಯವೇ ಅಲ್ಲದಿದ್ದಾಗ ಅದು ಒಪ್ಪಿಗೆ ಕೊಟ್ಟ ತಿದ್ದುಪಡಿ ನಿಲ್ಲದು, ಹಾಗಾಗಿ ಆದಾಯ ತೆರಿಗೆಯೇ ಅಸಿಂಧು ಎಂದು ಕೋರ್ಟಿಗೆ ಹೋದವರೆಲ್ಲ ಸೋತಿದ್ದಾರೆ.

ಚಿಕ್ಕಪ್ಪ: ಜನಸಂಖ್ಯೆಯ ವಿಷಯಕ್ಕೆ ಏನು ಹೇಳುತ್ತೀಯ? ಒಹಾಯೋ ಆಗ ಸೇರಿದ್ದ ವಾಯವ್ಯ ಪ್ರಾಂತ್ಯಕ್ಕೆ ಕಾಂಗ್ರೆಸ್ ಮಾಡಿದ 1787ರ ಶಾಸನ, ರಾಜ್ಯವಾಗಲು 60,000 ಸ್ವತಂತ್ರ ನಿವಾಸಿಗಳು ಬೇಕು ಎಂದಿತ್ತು. 1800ರ ಗಣತಿಯಲ್ಲಿ ಸಿಕ್ಕಿದ್ದು 45,365.

ನಾನು: ಕಡಿಮೆಯಿದ್ದರೂ ಸೇರಿಸಿಕೊಳ್ಳಬಹುದು ಎಂದು ಅದೇ ಶಾಸನದಲ್ಲಿದೆ. ಅವಸರ ಮಾಡಿದ್ದು ಪಕ್ಷ ರಾಜಕೀಯ. ಪ್ರಾಂತ್ಯದ ಗವರ್ನರ್ ಸೇಂಟ್ ಕ್ಲೇರ್ ಜೆಫರ್ಸನ್‌ರ ಎದುರಾಳಿ ಫೆಡರಲಿಸ್ಟ್ ಪಕ್ಷದವನು, ರಾಜ್ಯ ಬೇಡ ಎಂದು ಹಟ ಹಿಡಿದವನು. ಸಂವಿಧಾನ ಸಭೆಗೇ ಹೋಗಿ ಕಾಂಗ್ರೆಸ್ಸಿನ ಕಾಯ್ದೆಯನ್ನು ಜರಿದ. ಜೆಫರ್ಸನ್ ಅವನನ್ನು ಹುದ್ದೆಯಿಂದ ಕಿತ್ತುಹಾಕಿದರು. ಅವನ ದರ್ಬಾರು ಕಂಡು ರೋಸಿದ್ದ ಜನ ಹೊಸ ಸಂವಿಧಾನದಲ್ಲಿ ಗವರ್ನರ್‌ಗೆ ಮಸೂದೆ ತಡೆಯುವ ಅಧಿಕಾರವನ್ನೇ ಕೊಡಲಿಲ್ಲ.

ನನಗೆ ಸಿಟ್ಟು ಬರುವುದು ಬೇರೆ ಕಾರಣಕ್ಕೆ. ಒಂದು ಕಾಗದ ಬಿಟ್ಟುಹೋದದ್ದು ನಮಗೆ ದೊಡ್ಡ ಸುದ್ದಿ. ಮೂಲನಿವಾಸಿಗಳ ಜಮೀನನ್ನು ಅವರ ಸಮ್ಮತಿ ಇಲ್ಲದೆ ಎಂದೂ ಕಸಿಯುವುದಿಲ್ಲ ಎಂದು 1787ರ ಆ ಶಾಸನವೇ ಮಾತು ಕೊಟ್ಟಿತ್ತು. ಮಾರನೆಯ ವರ್ಷವೇ ಮರಿಯಟ್ಟಾದಲ್ಲಿ ವಲಸಿಗರ ಊರು ಎದ್ದಿತು. 1791ರಲ್ಲಿ ಮೂಲನಿವಾಸಿ ನಾಯಕರಾದ ಲಿಟಲ್ ಟರ್ಟಲ್ ಮತ್ತು ಬ್ಲೂ ಜಾಕೆಟ್ ಸೇಂಟ್ ಕ್ಲೇರ್‌ನ ಸೈನ್ಯವನ್ನು ನುಚ್ಚುನೂರು ಮಾಡಿದರು, 600ಕ್ಕೂ ಹೆಚ್ಚು ಸೈನಿಕರು ಸತ್ತರು. ಆಮೇಲೆ ಸರ್ಕಾರ ದುಡ್ಡಿನ ಆಸೆ ತೋರಿಸಿತು. 1793ರ ಆಗಸ್ಟ್‌ನಲ್ಲಿ ಆ ಬುಡಕಟ್ಟುಗಳ ಒಕ್ಕೂಟ ಕೊಟ್ಟ ಉತ್ತರ ಓದಿ: ನಮಗೆ ಹಣದಿಂದ ಪ್ರಯೋಜನವಿಲ್ಲ, ಹೆಂಡಿರು ಮಕ್ಕಳನ್ನು ಸಾಕುವ ನೆಲವನ್ನು ಮಾರುವುದಿಲ್ಲ, ಇಲ್ಲಿ ಬಂದು ಕುಳಿತವರು ಬಡವರು, ನಮಗೆ ಕೊಡಬೇಕೆಂದಿರುವ ಹಣವನ್ನು ಅವರಿಗೇ ಹಂಚಿ, ಅವರು ಸಂತೋಷದಿಂದ ಎದ್ದುಹೋಗುತ್ತಾರೆ. ಇಷ್ಟು ನ್ಯಾಯವಾದ ಸಲಹೆಯನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಚಿಕ್ಕಪ್ಪ: ವಕೀಲನಾಗಿ ಹೇಳುತ್ತೇನೆ, ಕಾಂಗ್ರೆಸ್ ಒಪ್ಪಿದ ನ್ಯಾಯಬದ್ಧ ಯುದ್ಧಕ್ಕೆ ಆ ಶಾಸನದಲ್ಲೇ ಅವಕಾಶವಿತ್ತು. 1795ರಲ್ಲಿ ಗ್ರೀನ್‌ವಿಲ್‌ನಲ್ಲಿ ಅವರೇ ಒಪ್ಪಂದಕ್ಕೆ ಸಹಿ ಹಾಕಿದರಲ್ಲ?

ನಾನು: ಹಿಂದಿನ ವರ್ಷ ಫಾಲನ್ ಟಿಂಬರ್ಸ್‌ನ ಕಾಳಗದಲ್ಲಿ ಅವರು ಸೋತು ಓಡಿ ಬಂದಾಗ, ನೆಂಟರಂತಿದ್ದ ಬ್ರಿಟಿಷರು ಕೋಟೆಯ ಬಾಗಿಲು ತೆಗೆಯಲಿಲ್ಲ. ಹೊಲಗಳ ಮೆಕ್ಕೆಜೋಳವನ್ನೆಲ್ಲ ಅಮೆರಿಕದ ಸೈನ್ಯ ಸುಟ್ಟುಹಾಕಿತ್ತು. ಹಸಿದವರ ಕೈಯಿಂದ ಹಾಕಿಸಿಕೊಂಡ ಸಹಿ ಅದು. ಇಂದಿನ ಒಹಾಯೋದ ಬಹುಪಾಲು ಕೈಬಿಟ್ಟುಹೋಯಿತು. ಬದಲಿಗೆ 20,000 ಡಾಲರ್ ಬೆಲೆಯ ಸಾಮಾನು, ವರ್ಷಕ್ಕೆ 9,500 ಡಾಲರ್‌ನದು. ಇದನ್ನು ಸಮ್ಮತಿ ಎಂದು ನಾನು ಒಪ್ಪುವುದಿಲ್ಲ.

ಅಕ್ಕ: ಅದೇ ಶಾಸನ ಅಲ್ಲಿ ಗುಲಾಮಗಿರಿಯನ್ನು ನಿಷೇಧಿಸಿತು. 1787ರಲ್ಲಿ ಅದು ಸಣ್ಣ ಮಾತಲ್ಲ ಕಣೋ. ಅದನ್ನೂ ಹೇಳು.

ನಾನು: ಹೇಳಲೇಬೇಕು ಅಕ್ಕ, ನನಗೂ ಅದರ ಮೇಲೆ ಗೌರವವಿದೆ. ಆದರೆ ಚಿಲಿಕಾಥಿಯಲ್ಲಿ ಕಪ್ಪು ಜನರಿಗೆ ಮತದಾನದ ಹಕ್ಕು ಕೊಡುವ ಮಾತು ಮೊದಲು ಗೆದ್ದು, ಮತ್ತೆ ಮತಕ್ಕೆ ಹಾಕಿದಾಗ ಸಮಸಮವಾಯಿತು. ಸಂವಿಧಾನ ಸಭೆಯ ಅಧ್ಯಕ್ಷ ಎಡ್ವರ್ಡ್ ಟಿಫಿನ್ ಒಂದು ಮತದಿಂದ ಅದನ್ನು ಕೊಂದ. ಆತನೇ ರಾಜ್ಯದ ಮೊದಲ ಗವರ್ನರ್. ಕಪ್ಪು ಜನ ಅಲ್ಲಿ ನೆಲೆಸಬೇಕಾದರೆ ತಾವು ಸ್ವತಂತ್ರರೆಂಬ ಪತ್ರ ತೋರಿಸಬೇಕು ಎಂದು 1804ರಲ್ಲೇ ಕಾನೂನು ಬಂತು.

ಅತ್ತಿಗೆ: 1793ರ ಉತ್ತರದ ಪೂರ್ಣ ಪಾಠ ನನಗೆ ಕಳಿಸಪ್ಪ.

ನಾನು: ಕಳಿಸುತ್ತೇನೆ ಅತ್ತಿಗೆ. ಚಿಕ್ಕಪ್ಪ, ಆ ಫಾರ್ವರ್ಡ್ ಬೇರೆ ಗುಂಪುಗಳಿಗೆ ಹೋಗುವುದಾದರೆ ಇದನ್ನೂ ಜೊತೆಗೆ ಸೇರಿಸಿ.

ಚಿಕ್ಕಪ್ಪ: ಸೇರಿಸುತ್ತೇನೆ. 1953ರ ಮಾತನ್ನು ಮಾತ್ರ ತೆಗೆಯುವುದಿಲ್ಲ.