ಮಾತ್ರೆಗೆ ಮುಂಚಿನ 'ಸ್ಕ್ರೀನಿಂಗ್'ಗೆ ಏನನ್ನೋಣ? (ತುರ್ತು)

ಬಳಗದವರಿಗೆ ನಮಸ್ಕಾರ. ರೋಗಿಗಳ ಕೈಗೆ ಕೊಡುವ ಒಂದು ಪುಟದ ಮಾಹಿತಿಪತ್ರ ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ವಿಷಯ ಇಷ್ಟು: ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿನ್ ಮಾತ್ರೆ ಕೆಲವರಿಗೆ ಒಗ್ಗುವುದಿಲ್ಲ. ಮೈಮೇಲೆ ಬೊಬ್ಬೆ ಎದ್ದು ಚರ್ಮ ಸುಲಿಯುತ್ತದೆ. ಬಾಯಿ, ಕಣ್ಣು ಹುಣ್ಣಾಗುತ್ತವೆ. ಜೀವಕ್ಕೇ ಸಂಚಕಾರ. ಎಚ್‌ಎಲ್‌ಎ-ಬಿ 15:02 ಎಂಬ ಜೀನ್ ಬಗೆ ಇರುವವರಲ್ಲಿ ಇದು ಜಾಸ್ತಿ ಅಂತ 2004ರಲ್ಲಿ ತೈವಾನಿನ ಸಂಶೋಧಕರು ತೋರಿಸಿದರು. ಹಾಗಾಗಿ ಮೊದಲ ಮಾತ್ರೆಗೂ ಮುಂಚೆ ರಕ್ತ ತೆಗೆದು ನೋಡುತ್ತಾರೆ. 'ಆನುವಂಶಿಕ ಅಪಾಯದ ತಪಾಸಣೆ' ಎಂದು ಬರೆದಿದ್ದೇನೆ. ನಡೆಯುತ್ತಾ?

ಮರು:
ನಡೆಯುವುದಿಲ್ಲ. 'ತಪಾಸಣೆ' ಮರಾಠಿಯಿಂದ ಬಂದ ಸರಕು. ತಪಸ್ಸಿಗೂ ಅದಕ್ಕೂ ನಂಟಿದೆ ಅಂತ ಇಲ್ಲೇ ಒಬ್ಬರು ವಾದಿಸಿದ್ದರು, ನಗು ಬಂತು. ನಮ್ಮಲ್ಲೇ 'ಸೋಸು' ಇದೆ. 'ಸೋಸುನೋಟ' ಎನ್ನಿ, ಮುಗೀತು.

ಮರು:
ಮುಗೀಲಿಲ್ಲ ಸರ್. ರಕ್ತ ತೆಗೆದು 'ಸೋಸುನೋಟ' ಅಂದರೆ ರೋಗಿ ಡಯಾಲಿಸಿಸ್ ಅಂದುಕೊಂಡು ಎದ್ದು ಹೋಗುತ್ತಾನೆ. 'ಸೋಸುಪರೀಕ್ಷೆ' ಅಂತ ತಿದ್ದೋಣ ಅಂದರೆ ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದಂತೆ. ಹಳೆಯ ವ್ಯಾಕರಣಕಾರ ಕೇಶಿರಾಜ ಒಪ್ಪಲ್ಲ.

ಮರು:
ಅರಿಸಮಾಸದ ಗೊಡವೆ ಈಗ ಯಾಕೆ? 'ಅಡ್ಡಪರಿಣಾಮ' ಅಂತ ಎಲ್ಲರೂ ಬರೆಯುತ್ತೀರಲ್ಲ, ಅದೇನು? ಕೇಶಿರಾಜ ಬಿರುದಾವಳಿಗಳಿಗೆ ಬಿಟ್ಟುಕೊಟ್ಟದ್ದನ್ನು ನಾವು ಮಾತ್ರೆಯ ಡಬ್ಬಿಗೂ ಬಿಟ್ಟುಕೊಡೋಣ.

ತಪ್ಪಿರುವುದು 'ತಪಾಸಣೆ'ಯಲ್ಲಿ ಅಲ್ಲ, 'ಆನುವಂಶಿಕ'ದಲ್ಲಿ. ಅದನ್ನು ಓದಿದವರ ಮೊದಲ ಮಾತೇ 'ನಮ್ಮ ಮನೆತನದಲ್ಲಿ ಯಾರಿಗೂ ಈ ಕಾಯಿಲೆ ಇಲ್ಲವಲ್ಲ'. ಇಲ್ಲದಿರಬಹುದು. ಆ ಮಾತ್ರೆಯನ್ನೇ ಯಾರೂ ನುಂಗಿರದಿದ್ದರೆ ಗೊತ್ತಾಗುವುದು ಹೇಗೆ? ನೋಡುತ್ತಿರುವುದು ಕಾಯಿಲೆಯನ್ನಲ್ಲ, ಮಾತ್ರೆಗೂ ಮೈಗೂ ಆಗಿಬರುತ್ತದೋ ಇಲ್ಲವೋ ಅಂತ. ಸುಮ್ನೆ 'ಜೀನ್' ಎನ್ನಿ.

'ಅಪಾಯ'ವೂ ಬೇಡ. 'ಅಪಾಯ ಇದೆ' ಅಂದರೆ ಆಗಿಯೇ ತೀರುತ್ತದೆ ಅನ್ನಿಸುತ್ತದೆ. ಈ ಜೀನ್ ಇದ್ದೂ ಮಾತ್ರೆ ನುಂಗಿ ಏನೂ ಆಗದವರೇ ಹೆಚ್ಚು. ಯಾರಿಗೆ ಆಗುತ್ತದೆ ಅಂತ ಮೊದಲೇ ತಿಳಿಯದ ಕಾರಣ ವೈದ್ಯರು ಬೇರೆ ಮಾತ್ರೆ ಕೊಡುತ್ತಾರೆ. ಜೀನ್ ಇಲ್ಲ ಅಂತ ಬಂದವರೂ ಪೂರ್ತಿ ನಿಶ್ಚಿಂತರಲ್ಲ. ಈ ಮಾತ್ರೆ ಒಗ್ಗದಂತೆ ಮಾಡಬಲ್ಲ ಎಚ್‌ಎಲ್‌ಎ-ಎ 31:01 ಅಂತ ಇನ್ನೊಂದು ಜೀನ್ ಬಗೆ ಇದೆ.

ಮರು:
ಹಾಗಾದರೆ 'ಜೀನ್' ಕನ್ನಡವಾಯಿತು! ಇವತ್ತು ಜೀನ್, ನಾಳೆ ಇಡೀ ವಾಕ್ಯ. 'ಮಾತ್ರೆ' ಬಿಟ್ಟು 'ಮದ್ದು' ಎನ್ನಲಾದರೂ ಬಾಯಿ ಬರಲ್ವಾ?

ಮರು:
ಮಾಟಕ್ಕೂ ಮದ್ದು, ತುಪಾಕಿಗೂ ಮದ್ದು. ರೋಗಿಯ ಪತ್ರದಲ್ಲಿ 'ಮದ್ದು ಹಾಕುವ ಮುಂಚೆ' ಅಂತ ನೀವೇ ಬರೆದು ತೋರಿಸಿ.

ಮರು:
ಎಲ್ಲರಿಗೂ ವಂದನೆ. ಜಗಳದ ನಡುವೆ ಕೆಲಸ ಆಯಿತು. ಶೀರ್ಷಿಕೆ: 'ಈ ಮಾತ್ರೆ ನಿಮಗೆ ಒಗ್ಗುತ್ತದೆಯೇ? ಶುರು ಮಾಡುವ ಮುಂಚೆ ಜೀನ್ ತಪಾಸಣೆ'. ಎಚ್‌ಐವಿಯ ಅಬಾಕವಿರ್‌ಗೆ ಎಚ್‌ಎಲ್‌ಎ-ಬಿ 57:01, ಗೌಟ್ ಎಂಬ ಕೀಲುಬಾವಿನ ಅಲೊಪ್ಯೂರಿನಾಲ್‌ಗೆ ಎಚ್‌ಎಲ್‌ಎ-ಬಿ 58:01 ನೋಡುತ್ತಾರಲ್ಲ, ಆ ಪತ್ರಗಳಿಗೂ ಇದೇ ಸಾಕು. 'ಸೋಸು' ಸರ್, ಬೇಜಾರಾಗಬೇಡಿ. 'ಅಡ್ಡಪರಿಣಾಮ' ತೆಗೆದು 'ಒಗ್ಗದಿದ್ದರೆ' ಅಂತ ಹಾಕಿದ್ದೇನೆ.